ರಾಖೇಲಳ ಅಳುವಿಗೆ ಜಾಗ ಕೊಡೋಣ

(ಡಿಸೆಂಬರ್ 28, ಮುಗ್ಧ ಕಂದಮ್ಮಗಳ ಹಬ್ಬದ ಪ್ರಬೋಧನೆ. ಶುಭಸಂದೇಶ: ಮತ್ತಾಯ 2:13–18)



ಕ್ರಿಸ್ಮಸ್ ಕಳೆದು ಮೂರು ದಿನವಾಯಿತು. ಗೋದಲಿ ಇನ್ನೂ ಬಿಚ್ಚಿಲ್ಲ, ಮನೆ ಮುಂದಿನ ನಕ್ಷತ್ರಗಳು ಉರಿಯುತ್ತಲೇ ಇವೆ, ಕಜ್ಜಾಯದ ಡಬ್ಬಿ ಖಾಲಿಯಾಗಿಲ್ಲ. ಇಷ್ಟರಲ್ಲೇ ಧರ್ಮಸಭೆ ನಮ್ಮನ್ನು ಒಂದು ಅಳುವಿನ ಮುಂದೆ ತಂದು ನಿಲ್ಲಿಸುತ್ತದೆ. ಹೆರೋದ ಅರಸ ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದ್ದನ್ನು ಈಗ ತಾನೇ ಕೇಳಿದೆವು. ಆ ತಾಯಂದಿರ ಗೋಳನ್ನು ಹೇಳಲು ಮತ್ತಾಯ ಪ್ರವಾದಿ ಯೆರೆಮೀಯನ ಹಳೆಯ ಮಾತನ್ನು ನೆನೆಯುತ್ತಾನೆ. ರಾಖೇಲಳು ತನ್ನ ಮಕ್ಕಳಿಗಾಗಿ ಗೋಳಾಡುತ್ತಿದ್ದಾಳೆ, ಯಾರ ಸಮಾಧಾನದ ಮಾತೂ ಅವಳಿಗೆ ಬೇಡವಾಗಿದೆ ಎನ್ನುತ್ತಾನೆ.

ಈ ರಾಖೇಲಳು ಯಾರು? ಯಕೋಬನ ಪ್ರೀತಿಯ ಹೆಂಡತಿ. ಬಹುಕಾಲ ಮಕ್ಕಳಿಲ್ಲದೆ ಕೊರಗಿದವಳು. ಆದಿಕಾಂಡದ 35ನೆಯ ಅಧ್ಯಾಯ ಅವಳ ಕೊನೆಯ ಹೆರಿಗೆಯ ಕಥೆ ಹೇಳುತ್ತದೆ. ಯಕೋಬನ ಕುಟುಂಬ ಬೇತೇಲಿನಿಂದ ಹೊರಟು ಎಫ್ರಾತದ ಕಡೆಗೆ ನಡೆಯುತ್ತಿತ್ತು. ಊರು ಇನ್ನೂ ಸ್ವಲ್ಪ ದೂರವಿರುವಾಗ ದಾರಿಯಲ್ಲೇ ಅವಳಿಗೆ ನೋವು ಶುರುವಾಯಿತು. ಹೆರಿಗೆ ಕಷ್ಟದ್ದಾಯಿತು. ಸೂಲಗಿತ್ತಿ ಧೈರ್ಯ ಹೇಳಿದಳು, ಹೆದರಬೇಡ, ಇದೂ ಗಂಡುಮಗುವೇ ಎಂದಳು. ಮಗು ಉಳಿಯಿತು, ರಾಖೇಲಳು ಉಳಿಯಲಿಲ್ಲ. ಯಕೋಬ ಅವಳನ್ನು ದಾರಿಯ ಪಕ್ಕದಲ್ಲೇ ಮಣ್ಣು ಮಾಡಿ, ಗುರುತಿಗೆ ಒಂದು ಕಲ್ಲುಕಂಬ ನೆಟ್ಟ. ಎಫ್ರಾತವೆಂದರೆ ಬೆತ್ಲೆಹೇಮೇ. ಬೆತ್ಲೆಹೇಮಿನ ಉತ್ತರದ ಅಂಚಿನಲ್ಲಿ ರಾಖೇಲಳದೆಂದು ನಂಬಲಾದ ಸಮಾಧಿ ಇಂದಿಗೂ ಇದೆ. ಮಕ್ಕಳಿಗಾಗಿ ಹಂಬಲಿಸುವ ಹೆಂಗಸರು ಇಂದಿಗೂ ಅಲ್ಲಿಗೆ ಹೋಗಿ ಪ್ರಾರ್ಥಿಸುತ್ತಾರೆ.

ಹಾಗಾದರೆ ಇಂದಿನ ಶುಭಸಂದೇಶದಲ್ಲಿ ಅಳುತ್ತಿರುವವಳು ಹೆರಿಗೆಯಲ್ಲೇ ಪ್ರಾಣ ಬಿಟ್ಟ ತಾಯಿ. ಪ್ರಭು ಹುಟ್ಟಿದ ಊರಿನ ದಾರಿಯಲ್ಲೇ ಅವಳ ಗೋರಿಯಿದೆ. ಕ್ರಿಸ್ಮಸ್‌ನ ಸಂಭ್ರಮದ ನಡುವೆ ಧರ್ಮಸಭೆ ಅವಳ ಅಳುವಿಗೆ ಒಂದು ಇಡೀ ದಿನವನ್ನೇ ಕೊಟ್ಟಿದೆ. ಅದಕ್ಕೇ ಇಂದು ನಮ್ಮ ನಡುವಿನ ರಾಖೇಲಳ ಬಗ್ಗೆ ಮಾತಾಡಬೇಕೆಂದುಕೊಂಡೆ. ಹೆರಿಗೆ ಕಷ್ಟವಾಗಿ, ಮಗುವನ್ನು ಐಸಿಯುನಲ್ಲಿ ಬಿಟ್ಟು, ಗಾಜಿನ ಆಚೆ ನಿಂತು ದಿನ ಕಳೆದ ತಾಯಿತಂದೆಯರ ಬಗ್ಗೆ.

ಅಂಥವರು ಈ ಬಲಿಪೂಜೆಯಲ್ಲೂ ಇದ್ದಾರೆ. ಒಂಬತ್ತು ತಿಂಗಳು ತುಂಬುವ ಮೊದಲೇ, ಅಂದರೆ 37 ವಾರಕ್ಕೆ ಮುಂಚೆ, ಹುಟ್ಟುವ ಮಕ್ಕಳು ಲೋಕದಲ್ಲಿ ಎಷ್ಟಿದ್ದಾರೆ ಗೊತ್ತೇ? ಹತ್ತು ಹೆರಿಗೆಯಲ್ಲಿ ಹೆಚ್ಚುಕಡಿಮೆ ಒಂದು. 2020ರಲ್ಲಿ ಹೀಗೆ 1 ಕೋಟಿ 34 ಲಕ್ಷ ಮಕ್ಕಳು ಹುಟ್ಟಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ 30 ಲಕ್ಷ ನಮ್ಮ ದೇಶದ್ದೇ. ತಿಂಗಳು ತುಂಬಿಯೂ ಹುಟ್ಟಿದೊಡನೆ ಅಳದ ಮಕ್ಕಳು, ಸೋಂಕು ತಗುಲಿದವರು, ಕಾಮಾಲೆ ಏರಿ ಲೈಟಿಗೆ ಇಟ್ಟವರು ಈ ಲೆಕ್ಕದ ಹೊರಗಿದ್ದಾರೆ. ಯಾರ ಮನೆಗೂ ಇದು ದೂರದ ಮಾತಲ್ಲ.

ಆ ದಿನಗಳು ಹೇಗಿರುತ್ತವೆ ಎಂಬುದನ್ನು ಅನುಭವಿಸಿದವರೇ ನನಗೆ ಹೇಳಿದ್ದಾರೆ. ಏಳು ತಿಂಗಳಿಗೇ ಬಿಪಿ ಏರಿ, ಕೈಕಾಲು ಊದಿ, ಇನ್ನು ತಡ ಮಾಡಿದರೆ ಫಿಟ್ಸ್ ಬರಬಹುದು ಎನ್ನುತ್ತಾರೆ. ರಾತ್ರೋರಾತ್ರಿ ಆಪರೇಷನ್ ಆಗುತ್ತದೆ. ಅಮ್ಮನಿಗೆ ಎಚ್ಚರವಾಗುವಷ್ಟರಲ್ಲಿ ಮಗು ಪಕ್ಕದಲ್ಲಿಲ್ಲ. ವಾರ್ಡಿನಲ್ಲಿ ಎಲ್ಲರ ಮಗ್ಗುಲಲ್ಲೂ ಮಕ್ಕಳು, ಇವಳ ಮಗ್ಗುಲಲ್ಲಿ ಫೈಲು. ಹೊಲಿಗೆಯ ನೋವಿನಲ್ಲೇ ಗೋಡೆ ಹಿಡಿದು ಎರಡು ಮೂರು ಗಂಟೆಗೊಮ್ಮೆ ಐಸಿಯುಗೆ ನಡೆದು ಹೋಗಿ ಹಾಲು ಹಿಂಡಿ ಕೊಟ್ಟು ಬರುತ್ತಾಳೆ. ಅಲ್ಲಿ ಆ ಹಾಲು ನಳಿಕೆಯಲ್ಲಿ ಹನಿ ಲೆಕ್ಕದಲ್ಲಿ ಮಗುವಿನ ಹೊಟ್ಟೆ ಸೇರುತ್ತದೆ. ಇಂದು ಎರಡು ಎಂಎಲ್, ನಾಳೆ ಮೂರು. ಹತ್ತು ಗ್ರಾಂ ತೂಕ ಏರಿದರೆ ಹಬ್ಬ, ಇಪ್ಪತ್ತು ಇಳಿದರೆ ಊಟ ಸೇರದು. ಯಂತ್ರ ಕೂಗಿದಾಗಲೆಲ್ಲ ಎದೆ ಒಡೆಯುತ್ತದೆ. ಮನೆಗೆ ಬಂದು ತಿಂಗಳುಗಳಾದ ಮೇಲೂ ಆ ಬೀಪ್ ಸದ್ದು ಕಿವಿಯಲ್ಲಿದೆ ಎಂದವರಿದ್ದಾರೆ.

ಒಬ್ಬ ತಾಯಿ ಹೇಳಿದ ಮಾತು ಇದು: “ಫಾದರ್, ಎಲ್ಲರೂ ಫೋನ್ ಮಾಡಿ ಮಗು ಯಾರ ಥರ ಇದೆ ಅಂತ ಕೇಳ್ತಾರೆ. ಮುಖದ ಮೇಲೆಲ್ಲ ಪ್ಲಾಸ್ಟರು, ನಳಿಕೆ. ನಾನಿನ್ನೂ ಅದರ ಮುಖಾನೇ ಸರಿಯಾಗಿ ನೋಡಿಲ್ಲ. ಏನು ಹೇಳಲಿ?”

ತವರುಮನೆಯ ಕಥೆ ಬೇರೆ. ಅಜ್ಜಿ ಬಾಣಂತನದ ಕೋಣೆ ಸಜ್ಜು ಮಾಡಿರುತ್ತಾಳೆ. ನೀರೊಲೆಯ ಹಂಡೆ ತಿಕ್ಕಿ, ಎಣ್ಣೆ ಕಾಯಿಸಿ, ಬಾಣಂತಿ ಖಾರ ಕುಟ್ಟಿ, ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಿಸಿಟ್ಟಿರುತ್ತಾಳೆ. ಮಗಳು ಡಿಸ್ಚಾರ್ಜ್ ಆಗಿ ಬರಿಗೈಯಲ್ಲಿ ಬಂದಾಗ ಆ ಅಜ್ಜಿಗೆ ಏನು ಮಾಡಬೇಕೆಂದು ತೋಚುವುದಿಲ್ಲ.

ಇನ್ನು ತಂದೆ. ಇಂದಿನ ಶುಭಸಂದೇಶದ ಮೊದಲ ಭಾಗ ಜೋಸೆಫರದ್ದು. ದೇವದೂತನ ಎಚ್ಚರಿಕೆ ಬಂದೊಡನೆ ಅವರು ರಾತ್ರಿಯಲ್ಲೇ ಎದ್ದು, ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಜೋಸೆಫರು ಒಂದು ಮಾತಾಡಿದ್ದೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ನಮ್ಮಲ್ಲೂ ತಾಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೋ ಬೆಂಗಳೂರಿಗೋ 108 ಆಂಬ್ಯುಲೆನ್ಸ್ ಹಿಂದೆ ಬೈಕಿನಲ್ಲಿ ಹೋಗುವ ಅಪ್ಪಂದಿರು ಹೀಗೇ ಮಾತಿಲ್ಲದವರು. ಹೆಂಡತಿ ಒಂದು ಆಸ್ಪತ್ರೆಯಲ್ಲಿ, ಮಗು ಇನ್ನೊಂದರಲ್ಲಿ. ರಕ್ತ ಎಲ್ಲಿ ಸಿಗುತ್ತದೆ, ಅಡ್ವಾನ್ಸ್ ಎಲ್ಲಿಂದ ತರಲಿ, ಸಹಿ ಹಾಕಿ ಎಂದಿದ್ದರಲ್ಲ ಆ ಕಾಗದದಲ್ಲಿ ಏನಿತ್ತು ಎಂಬ ಚಿಂತೆ ತಲೆಯಲ್ಲಿ. ಹೆಂಡತಿ ಕೇಳಿದಾಗ ಮಾತ್ರ “ಮಗು ಚೆನ್ನಾಗಿದೆ, ನೀನು ಊಟ ಮಾಡು” ಎನ್ನುವುದು. ಅವನು ಅತ್ತದ್ದನ್ನು ಯಾರೂ ನೋಡಿರುವುದಿಲ್ಲ. ಗಂಡಸಿಗೆ ಏನಾಗಿದೆ ಎಂದು ಯಾರೂ ಕೇಳುವುದೂ ಇಲ್ಲ. ಕೇಳಬೇಕು.

ಈ ಮನೆಗಳ ಹೊಸ್ತಿಲು ತುಳಿದಾಗ ನಾವು ಆಡುವ ಮಾತುಗಳನ್ನು ಈಗ ನೆನಪಿಸಿಕೊಳ್ಳೋಣ. “ಗ್ರಹಣದ ದಿನ ಹೊರಗೆ ಹೋಗಿದ್ದಳಂತೆ.” “ಪರಂಗಿಹಣ್ಣು ತಿಂದಿರಬೇಕು.” “ಬಿಂದಿಗೆ ಎತ್ತಬೇಡ ಅಂದ್ರೆ ಕೇಳಲಿಲ್ಲ.” “ಯಾರ ಶಾಪವೋ.” ಯೊವಾನ್ನನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ಕಂಡ ಶಿಷ್ಯರು ಪ್ರಭುವನ್ನು ಇದನ್ನೇ ಕೇಳಿದರು: ಇದು ಯಾರ ಪಾಪದ ಫಲ, ಇವನದೋ ಇವನ ಹೆತ್ತವರದೋ? ಇಬ್ಬರದೂ ಅಲ್ಲ ಎಂದರು ಯೇಸು. ಆ ಉತ್ತರ ಎರಡು ಸಾವಿರ ವರ್ಷದಿಂದ ನಮ್ಮ ಕೈಯಲ್ಲಿದೆ. ಆದರೂ ಬಾಣಂತಿಯ ಮಂಚದ ಪಕ್ಕ ನಿಂತು ಅದೇ ಪ್ರಶ್ನೆ ಕೇಳುತ್ತೇವೆ.

ತಿಂಗಳು ತುಂಬುವ ಮುಂಚೆ ಹೆರಿಗೆಯಾಗಲು ಕಾರಣಗಳಿರುತ್ತವೆ. ಗರ್ಭಿಣಿಯ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೋಂಕು, ಅವಳಿ ಮಕ್ಕಳು, ಗರ್ಭಕೋಶದ ಬಾಯಿ ಬೇಗ ಸಡಿಲಗೊಳ್ಳುವುದು ಇವುಗಳಲ್ಲಿ ಕೆಲವು. ಎಷ್ಟೋ ಸಲ ವೈದ್ಯರಿಗೂ ಯಾವ ಕಾರಣವೂ ಕಾಣುವುದಿಲ್ಲ. ಏಳು ತಿಂಗಳ ಮಗು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಈಗಲೂ ಓಡಾಡುತ್ತಿದೆ. ಅದು ಸುಳ್ಳು. ಹೊಟ್ಟೆಯಲ್ಲಿ ಹೆಚ್ಚು ದಿನ ಬೆಳೆದಷ್ಟೂ ಮಗುವಿಗೆ ಬಲ ಹೆಚ್ಚು. ಎಂಟನೆಯ ತಿಂಗಳಲ್ಲಿ ಹೆತ್ತ ತಾಯಿಯ ಕಿವಿಗೆ ಈ ಮಾತು ಬಿದ್ದರೆ ಅವಳ ಜೀವ ಎಷ್ಟು ನಡುಗೀತು ಎಂದು ಯೋಚಿಸಿ. ನಿಮ್ಮ ಕಿವಿಗೆ ಬಿದ್ದಲ್ಲೇ ಅದನ್ನು ತಡೆಯಿರಿ.

ಇನ್ನೊಂದು ಮಾತು ಭಕ್ತಿಯ ಬಾಯಿಂದಲೇ ಬರುತ್ತದೆ: “ಎಲ್ಲ ದೇವರ ಚಿತ್ತ.” “ದೇವರಿಗೆ ಇಷ್ಟವಾದ ಹೂವನ್ನು ಬೇಗ ಕಿತ್ತುಕೊಳ್ತಾನೆ.” ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ, ನನಗೆ ಗೊತ್ತು. ಆದರೆ ಮತ್ತಾಯನನ್ನು ಗಮನವಿಟ್ಟು ಓದಿ. ಬೆತ್ಲೆಹೇಮಿನ ಮಕ್ಕಳ ಸಾವಿಗೆ ಅವನು ತೋರಿಸುವ ಕಾರಣ ಹೆರೋದನ ಸಿಟ್ಟು ಮತ್ತು ಭಯ. ದೇವರಿಗೆ ಆ ಸಾವುಗಳು ಬೇಕಾಗಿದ್ದವು ಎಂದು ಅವನು ಎಲ್ಲೂ ಹೇಳುವುದಿಲ್ಲ. ಇನ್ನೂ ಒಂದಿದೆ. ಯೆರೆಮೀಯನ ಗ್ರಂಥದ 31ನೆಯ ಅಧ್ಯಾಯದಲ್ಲಿ ರಾಖೇಲಳ ಅಳುವಿನ ಬೆನ್ನಿಗೇ ದೇವರ ಸಾಂತ್ವನದ ಮಾತು ಬರುತ್ತದೆ: ಅಳು ನಿಲ್ಲಿಸು, ನಿನ್ನ ಮಕ್ಕಳು ಮರಳಿ ಬರುತ್ತಾರೆ, ನಿನಗೆ ನಿರೀಕ್ಷೆಯಿದೆ. ಮತ್ತಾಯನಿಗೆ ಆ ಮುಂದಿನ ಮಾತು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವನು ಅಳುವಿನಲ್ಲೇ ನಿಲ್ಲಿಸಿದ. ಆ ದಿನ, ಆ ಅಂಗಳದಲ್ಲಿ, ಆ ತಾಯಂದಿರ ಮುಂದೆ ಸಾಂತ್ವನ ಹೇಳುವ ಹೊತ್ತು ಇನ್ನೂ ಬಂದಿರಲಿಲ್ಲ. ನಿರೀಕ್ಷೆಯ ಮಾತನ್ನು ಅವನು ಬಿಟ್ಟುಬಿಡಲಿಲ್ಲ. ತನ್ನ ಶುಭಸಂದೇಶದ ಕೊನೆಗೆ, ಬರಿದಾದ ಸಮಾಧಿಯ ಬಳಿ, ಅದನ್ನು ಹೇಳಿದ.

ನಾನು ಇಂದು ನಿಮ್ಮ ಮುಂದಿಡಬೇಕಾದದ್ದು ಇದೊಂದೇ. ಅಳುವ ತಾಯಿಯನ್ನು ಸುಮ್ಮನಾಗಿಸಲು ದೇವರ ವಾಕ್ಯ ಅವಸರಪಡುವುದಿಲ್ಲ. ನಾವೂ ಅವಸರಪಡಬಾರದು. ಅವಳ ದುಃಖಕ್ಕೆ ಕಾರಣ ಹುಡುಕಿ ಕೊಡುವುದನ್ನು ಬಿಟ್ಟು, ಅವಳ ಜೊತೆ ಇದ್ದು ಅವಳ ಹೊರೆಯಲ್ಲಿ ಪಾಲು ಹೊರುವುದೇ ನಮ್ಮ ಪಾಲಿನ ಧರ್ಮ.

ಹೊರೆ ಹೊರುವ ಕೈಗಳಲ್ಲಿ ವೈದ್ಯರ, ದಾದಿಯರ ಕೈಗಳೂ ಸೇರಿವೆ. ಅವುಗಳ ಹಿಂದೆ ಎಷ್ಟೋ ಜನರ ಕಣ್ಣೀರಿನ ಇತಿಹಾಸವಿದೆ. 1963ರ ಆಗಸ್ಟ್ 7ರಂದು ಅಮೆರಿಕದ ಮೊದಲ ಕಥೋಲಿಕ ಅಧ್ಯಕ್ಷ ಜಾನ್ ಎಫ್. ಕೆನಡಿ ಮತ್ತು ಜಾಕ್ವೆಲಿನ್ ದಂಪತಿಗೆ ಐದೂವರೆ ವಾರ ಮುಂಚೆಯೇ ಒಂದು ಗಂಡುಮಗು ಹುಟ್ಟಿತು. ಏಳು ವರ್ಷದ ಹಿಂದೆ ಅವರ ಮೊದಲ ಹೆಣ್ಣುಮಗು ಸತ್ತೇ ಹುಟ್ಟಿತ್ತು. ಈ ಮಗುವಿನ ತೂಕ ಸುಮಾರು 2.1 ಕೆಜಿ. ಉಸಿರಾಟ ಸರಿಯಿಲ್ಲವೆಂದು ತಿಳಿದು ಬೇಗನೆ ಜ್ಞಾನಸ್ನಾನ ಕೊಟ್ಟು ಪ್ಯಾಟ್ರಿಕ್ ಎಂದು ಹೆಸರಿಟ್ಟರು. ಮಗುವನ್ನು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಸಾಗಿಸಿದರು. ಆಪರೇಷನ್ ಆಗಿದ್ದ ತಾಯಿ ಹಿಂದೆಯೇ ಉಳಿದರು. ದೇಶದ ಅಧ್ಯಕ್ಷನ ಮಗು, ದೊಡ್ಡ ವೈದ್ಯರೆಲ್ಲ ಸುತ್ತ ನಿಂತಿದ್ದರು. 39 ಗಂಟೆ ಬದುಕಿ ಮಗು ತೀರಿಕೊಂಡಿತು. ಮಗುವಿನ ಮಣ್ಣಿಗೂ ತಾಯಿಗೆ ಹೋಗಲಾಗಲಿಲ್ಲ.

ಅಂದು ಆ ಮಗುವಿಗೆ ಇಲ್ಲದೇ ಹೋದದ್ದು ಶ್ವಾಸಕೋಶದೊಳಗಿನ ಒಂದು ತೆಳ್ಳನೆಯ ಪದರ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿ ಅಂಟಿಕೊಂಡಂತೆ, ಆ ಪದರವಿಲ್ಲದ ಪುಟ್ಟ ಗಾಳಿಗೂಡುಗಳು ಪ್ರತಿ ಉಸಿರಿಗೂ ಮುಚ್ಚಿಕೊಳ್ಳುತ್ತವೆ. ಕಾಯಿಲೆಯ ಮೂಲ ಇದೇ ಎಂದು ಮೇರಿ ಎಲೆನ್ ಏವರಿ ಎಂಬ ವೈದ್ಯೆ 1959ರಲ್ಲೇ ತೋರಿಸಿದ್ದರು. ಆದರೆ ಮದ್ದು ಇರಲಿಲ್ಲ. ಮುಂಚಿತವಾಗಿ ನೋವು ಬಂದ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು 1972ರಲ್ಲಿ ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ತೋರಿಸಿದರು. ಸರ್ಫ್ಯಾಕ್ಟಂಟ್ ಎನ್ನುವ ಆ ಪದರವನ್ನೇ ನಳಿಕೆಯಿಂದ ಮಗುವಿನ ಶ್ವಾಸಕೋಶಕ್ಕೆ ಬಿಡುವ ಚಿಕಿತ್ಸೆಯನ್ನು 1980ರಲ್ಲಿ ಜಪಾನಿನ ಫುಜಿವಾರಾ ಮಾಡಿ ತೋರಿಸಿದರು. ಅಂದು ಅಧ್ಯಕ್ಷನ ಮಗುವಿಗೆ ಸಿಗದ ಚಿಕಿತ್ಸೆ ಇಂದು ಕೂಲಿಯವನ ಮಗುವಿಗೂ ಸಿಗುವಂತಾಗಿದೆ. ಅಷ್ಟು ತೂಕದ, ಅಷ್ಟು ದಿನ ತುಂಬಿದ ಮಗು ಇಂದು ಬಹುಪಾಲು ಬದುಕಿ ಮನೆ ಸೇರುತ್ತದೆ. ಇದು ದೇವರ ಕೆಲಸವಲ್ಲವೇ? ಪ್ರಾರ್ಥನೆ ಬೇರೆ, ಔಷಧಿ ಬೇರೆ ಎಂದು ಎದುರುಬದುರು ನಿಲ್ಲಿಸಬೇಡಿ. ತಡರಾತ್ರಿ ಇನ್‌ಕ್ಯುಬೇಟರಿನ ಪಕ್ಕ ಕೂತು ಉಸಿರು ಎಣಿಸುವ ದಾದಿಯ ಕೈಯಲ್ಲೂ ದೇವರ ಕರುಣೆ ಕೆಲಸ ಮಾಡುತ್ತಿದೆ.

ಯಂತ್ರಗಳು ಸಾಲದೇ ಬಂದಾಗ ಹೊಳೆದ ಇನ್ನೊಂದು ದಾರಿಯಿದೆ. ಕೊಲಂಬಿಯಾ ದೇಶದ ಬೊಗೊಟಾ ನಗರದ ಒಂದು ಹೆರಿಗೆ ಆಸ್ಪತ್ರೆ. ಅಲ್ಲಿ ಮಕ್ಕಳು ಹೆಚ್ಚು, ಇನ್‌ಕ್ಯುಬೇಟರು ಕಡಿಮೆ. 1978ರಲ್ಲಿ ಅಲ್ಲಿನ ವೈದ್ಯ ಎಡ್ಗಾರ್ ರೇ, ತೂಕ ಕಡಿಮೆಯಿದ್ದ ಮಗುವನ್ನು ತಾಯಿಯ ಎದೆಗೇ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ತಾಯಿಯ ಮೈಯ ಕಾವೇ ಮಗುವಿಗೆ ಸಾಕಾಯಿತು. ಅದನ್ನೇ ಇಂದು ಕಾಂಗರೂ ಆರೈಕೆ ಎನ್ನುತ್ತೇವೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 1 ಕೆಜಿಯಿಂದ 1.8 ಕೆಜಿ ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ಹೀಗೆ ಎದೆಗೆ ಕಟ್ಟಿದಾಗ ಮೊದಲ 28 ದಿನದ ಸಾವು ಕಾಲು ಭಾಗದಷ್ಟು ತಗ್ಗಿತು. ಅದಾದ ಮೇಲೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹುಟ್ಟಿದ ಮೇಲೆ ಆದಷ್ಟು ಬೇಗ ಕಾಂಗರೂ ಆರೈಕೆ ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆ ಮುಂದುವರಿಸಿ ಎಂದಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಹರಡುವ ಕೆಲಸ ನಡೆದಿದೆ. ತಾಯಿಗೆ ಆಗದಿದ್ದರೆ ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ ಮಗುವನ್ನು ಎದೆಗಿಟ್ಟುಕೊಳ್ಳಬಹುದು. ಅಂಗಿ ಬಿಚ್ಚಿ ಮಗುವನ್ನು ಎದೆಗೆ ಕಟ್ಟಿಕೊಂಡು ಕೂತ ಗಂಡಸನ್ನು ನೋಡಿ ನಗುವವರು ನಮ್ಮಲ್ಲಿದ್ದರೆ, ಇಂದಿಗೆ ಆ ನಗು ನಿಲ್ಲಲಿ.

ಮಗು ಹೆಣ್ಣಾದರೆ ಚಿಕಿತ್ಸೆಯ ಖರ್ಚಿಗೆ ಹಿಂದೆ ಮುಂದೆ ನೋಡುವ ಮನೆಗಳೂ ಇವೆ. ಸರ್ಕಾರಿ ನವಜಾತ ಶಿಶು ಘಟಕಗಳಿಗೆ ಗಂಡುಶಿಶುಗಳಿಗಿಂತ ಹೆಣ್ಣುಶಿಶುಗಳನ್ನು ಕಡಿಮೆ ಕರೆತರುತ್ತಿದ್ದಾರೆ ಎಂದು ಯುನಿಸೆಫ್ ಎಚ್ಚರಿಸಿದೆ. ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಕೊಡಲು 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವಿದೆ. ಹಾಗಾಗಿ ಹಣವಿಲ್ಲವೆಂದು ಯಾರೂ ಮಗುವನ್ನು ಮನೆಯಲ್ಲಿಟ್ಟುಕೊಂಡು ಕೂರಬೇಕಿಲ್ಲ. ಹೆಣ್ಣೆಂಬ ಕಾರಣಕ್ಕೆ ಒಂದು ಮಗುವಿನ ಉಸಿರನ್ನು ತಕ್ಕಡಿಗೆ ಹಾಕಿದರೆ, ಹೆರೋದನ ಪಕ್ಕದಲ್ಲಿ ನಮ್ಮ ಜಾಗ ನಾವೇ ಹುಡುಕಿಕೊಂಡಂತೆ.

ಈಗ, ಮಗುವನ್ನು ಕಳೆದುಕೊಂಡವರೇ, ನಿಮ್ಮೊಂದಿಗೆ ಒಂದು ಮಾತು. ಆಸ್ಪತ್ರೆಯಿಂದ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಆ ಪುಟ್ಟ ದೇಹವನ್ನು ಮನೆಗೂ ತರದೆ, ನೆಂಟರಿಗೂ ಹೇಳದೆ, ಒಬ್ಬರೋ ಇಬ್ಬರೋ ಹೋಗಿ ಮಣ್ಣು ಮಾಡಿ ಬಂದಿರಿ. ಮರುದಿನದಿಂದ ಯಾರೂ ಅದರ ಮಾತೆತ್ತಲಿಲ್ಲ. “ಇನ್ನೂ ವಯಸ್ಸಿದೆ, ಇನ್ನೊಂದು ಆಗುತ್ತೆ” ಎಂದರು. ಇನ್ನೊಂದು ಮಗು ಈ ಮಗುವಿನ ಜಾಗಕ್ಕೆ ಬರುವುದಿಲ್ಲವೆಂದು ನಿಮಗೆ ಗೊತ್ತು. ಯಕೋಬ ತನ್ನವಳಿಗಾಗಿ ದಾರಿಯಲ್ಲೇ ಕಲ್ಲು ನೆಟ್ಟ. ಬದುಕಿದ್ದು ಒಂದೇ ದಿನವಾದರೂ ನಿಮ್ಮ ಮಗುವಿಗೆ ಹೆಸರಿಡಿ, ಸಮಾಧಿಗೆ ಗುರುತು ಇಡಿ. ನವೆಂಬರ್ 2ರಂದು ಮೃತರನ್ನು ಸ್ಮರಿಸುವಾಗ ಆ ಹೆಸರನ್ನೂ ಬರೆದು ಕೊಡಿ, ಈ ಪೀಠದಿಂದ ಓದುತ್ತೇವೆ.

ಜ್ಞಾನಸ್ನಾನ ಕೊಡಿಸುವ ಮೊದಲೇ ಮಗು ಹೋಯಿತು, ಅದರ ಗತಿ ಏನು ಎಂಬ ಭಯ ಕೆಲವರನ್ನು ವರ್ಷಾನುಗಟ್ಟಲೆ ಕಾಡಿದೆ. ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಬೇಕೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಮಕ್ಕಳನ್ನು ತಡೆಯಬೇಡಿರೆಂದು ಶಿಷ್ಯರನ್ನು ಗದರಿದ ಯೇಸುವಿನ ಮಮತೆಯನ್ನು ಅದು ನೆನಪಿಸುತ್ತದೆ. ಈ ಪ್ರಶ್ನೆಯನ್ನೇ ಕುರಿತು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಒಂದು ದಾಖಲೆ ಹೊರಡಿಸಿತು. ಆ ಮಕ್ಕಳು ರಕ್ಷಣೆ ಪಡೆಯುತ್ತಾರೆಂದು ನಿರೀಕ್ಷಿಸಲು ಗಟ್ಟಿಯಾದ ಆಧಾರಗಳಿವೆ ಎಂದು ಅದು ಹೇಳುತ್ತದೆ. ಜ್ಞಾನಸ್ನಾನ ಕೊಡಿಸುವ ಮನಸ್ಸು ಹೆತ್ತವರಿಗಿದ್ದರೆ, ಧರ್ಮಾಧ್ಯಕ್ಷರ ಅನುಮತಿ ಪಡೆದು ಮಗುವಿಗೆ ಧರ್ಮಸಭೆಯ ಅಂತ್ಯಸಂಸ್ಕಾರ ಮಾಡಲು 1983ರ ಧರ್ಮಸಭೆಯ ಕಾನೂನಿನಲ್ಲಿ ಅವಕಾಶವಿದೆ. ಇಂದು ನಾವು ಗೌರವಿಸುವ ಬೆತ್ಲೆಹೇಮಿನ ಕಂದಮ್ಮಗಳನ್ನೇ ನೋಡಿ. ಅವರಿಗೆ ಯಾರೂ ಜ್ಞಾನಸ್ನಾನ ಕೊಟ್ಟಿರಲಿಲ್ಲ. ಆದರೂ ಧರ್ಮಸಭೆ ಅವರನ್ನು ಸಂತರೆಂದು ಕರೆಯುತ್ತದೆ. ನಿಮ್ಮ ಮಗುವನ್ನು ನಿಮಗಿಂತ ಹೆಚ್ಚು ಪ್ರೀತಿಸುವ ತಂದೆಯ ಕೈಯಲ್ಲಿ ಅದು ಇದೆ. ಭಯ ಬಿಡಿ.

ಮಗುವಿನ ಪ್ರಾಣಕ್ಕೆ ಅಪಾಯವಿದೆ ಎಂದಾದರೆ ಗುರುಗಳಿಗಾಗಿ ಕಾಯಬೇಡಿ. ಅಂಥ ತುರ್ತಿನಲ್ಲಿ ಧರ್ಮಸಭೆಯ ಉದ್ದೇಶ ಮನಸ್ಸಿನಲ್ಲಿಟ್ಟುಕೊಂಡು ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ದಾದಿಯೂ ಕೊಡಬಹುದು. ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ತಲೆಯ ಮೇಲೆ ಸ್ವಲ್ಪ ಶುದ್ಧ ನೀರು ಸುರಿದರೆ ಸಾಕು. ಗರ್ಭಿಣಿಯರ ಪಾಲಕ ಸಂತ ಜೆರಾರ್ಡ್ ಮಜೆಲ್ಲಾ 1726ರಲ್ಲಿ ಹುಟ್ಟಿದಾಗ ತೀರಾ ಬಡಕಲಾಗಿದ್ದನೆಂದು ಅದೇ ದಿನ ಜ್ಞಾನಸ್ನಾನ ಕೊಡಿಸಿದ್ದರು. ಉಳಿಯುವುದೋ ಇಲ್ಲವೋ ಎಂದಿದ್ದ ಆ ಮಗು ಬೆಳೆದು ಧರ್ಮಸಭೆಯ ಸಂತನಾಯಿತು.

ಮಗು ಮನೆಗೆ ಬಂದ ಮೇಲೂ ಕಷ್ಟ ಮುಗಿಯುವುದಿಲ್ಲ. ತೂಕ ಕಡಿಮೆಯಿದ್ದು ಬೇಗ ಹುಟ್ಟಿದ ಮಗುವಿನ ಕಣ್ಣಿನ ಅಕ್ಷಿಪಟಲಕ್ಕೆ ತೊಂದರೆಯಾಗಬಹುದು. ಹುಟ್ಟಿದ 30 ದಿನದೊಳಗೆ ಕಣ್ಣು ಪರೀಕ್ಷೆ ಮಾಡಿಸಿ, ಹೊತ್ತಿಗೆ ಚಿಕಿತ್ಸೆ ಕೊಡಿಸಿದರೆ ಕುರುಡುತನವನ್ನು ತಡೆಯಬಹುದು. ನಮ್ಮ ರಾಜ್ಯದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಯೋಜನೆ ಹಳ್ಳಿಗಾಡಿನ ಮಕ್ಕಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ತೋರಿಸುತ್ತಿದೆ. ಕಿವಿಯ ಪರೀಕ್ಷೆ, ಬೆಳವಣಿಗೆಯ ತಪಾಸಣೆಗಳನ್ನೂ ತಪ್ಪಿಸಬೇಡಿ. ಅಜ್ಜಿಯಂದಿರೇ, ನಿಮ್ಮ ಕೈಯ ಆರೈಕೆ ಮಗುವಿಗೆ ಬೇಕು. ಆದರೆ ಜೇನು, ಬಜೆ ನೆಕ್ಕಿಸುವುದು, ಸಾಂಬ್ರಾಣಿ ಹೊಗೆ ಹಾಕುವುದು ಆ ಪುಟ್ಟ ಜೀವಕ್ಕೆ ಬೇಡ. ನೋಡಲು ಬರುವವರು ಕೈತೊಳೆಯದೆ ಮಗುವನ್ನು ಮುಟ್ಟಬೇಡಿ, ಮುತ್ತಿಡಬೇಡಿ. ಕೆಮ್ಮು ನೆಗಡಿಯಿದ್ದರೆ ಬರಲೇಬೇಡಿ. ಕೆಲವು ಮಕ್ಕಳು ತಡವಾಗಿ ಕೂರುತ್ತಾರೆ, ತಡವಾಗಿ ನಡೆಯುತ್ತಾರೆ. ಕೆಲವರಿಗೆ ಜೀವನಪೂರ್ತಿ ನೆರವು ಬೇಕಾಗುತ್ತದೆ. ಆ ಮಕ್ಕಳಿಗೆ ನಮ್ಮ ಉಪದೇಶ ತರಗತಿಯಲ್ಲಿ, ಹಬ್ಬದ ಮೆರವಣಿಗೆಯಲ್ಲಿ, ಪೀಠದ ಮುಂದಿನ ಸಾಲಿನಲ್ಲಿ ಜಾಗ ಇರಬೇಕು.

ತಾಯಿಯ ಮನಸ್ಸಿನ ಗಾಯವೂ ಗಾಯವೇ. ನಿದ್ದೆ ಬಾರದು, ಮಗುವನ್ನು ನೋಡಿದರೆ ಪ್ರೀತಿಗಿಂತ ಭಯವೇ ಮೊದಲು, ಸತ್ತರೆ ಸಾಕೆನಿಸುತ್ತದೆ. ಹೀಗಿದ್ದರೆ ಅದು ವಿಶ್ವಾಸದ ಕೊರತೆಯಲ್ಲ, ಚಿಕಿತ್ಸೆಯಿರುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಜೊತೆಗೇ ಇಟ್ಟು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಮನಸ್ಸಿನ ಆರೋಗ್ಯದ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೇಳಿದ್ದು ಕೆಲಸವಾಗಬೇಕು. ನಮ್ಮ ಧರ್ಮಕೇಂದ್ರದ ಪ್ರತಿ ಕಿರು ಕ್ರೈಸ್ತ ಸಮುದಾಯವೂ ಒಂದು ಹೊಣೆ ಹೊರಲಿ. ನಿಮ್ಮ ಬೀದಿಯ ಮಗು ಐಸಿಯುನಲ್ಲಿದೆ ಎಂದು ತಿಳಿದರೆ ಪ್ರಶ್ನೆ ಕೇಳುವ ಮೊದಲು ಊಟದ ಕ್ಯಾರಿಯರ್ ಕಳಿಸಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಮಲಗುವ ಅಪ್ಪನಿಗೆ ಒಂದು ಹೊದಿಕೆ, ಸ್ನಾನಕ್ಕೆ ಒಂದು ಮನೆ ತೋರಿಸಿ. ಆ ಮನೆಯ ದೊಡ್ಡ ಮಗುವನ್ನು ಶಾಲೆಗೆ ಕಳಿಸಿ, ಸಂಜೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ತಾಯಿ ಮನೆಯಲ್ಲಿದ್ದು ಮಗು ಆಸ್ಪತ್ರೆಯಲ್ಲಿದ್ದರೆ ಹಿಂಡಿದ ಹಾಲನ್ನು ಹೊತ್ತಿಗೆ ತಲುಪಿಸಿ. ಯುವಕರೇ, ರಕ್ತದಾನಿಗಳ ಪಟ್ಟಿ ಸಿದ್ಧವಿಟ್ಟುಕೊಳ್ಳಿ. ಹಾಲು ಹೆಚ್ಚಿರುವ ತಾಯಂದಿರೇ, ತಾಯಿಹಾಲಿನ ಬ್ಯಾಂಕುಗಳ ಬಗ್ಗೆ ತಿಳಿದುಕೊಳ್ಳಿ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ವೈದ್ಯೆ ಅರ್ಮಿಡಾ ಫರ್ನಾಂಡಿಸ್ ಶುರುಮಾಡಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಈಗ ಅಂಥದ್ದಿದೆ. ನೀವು ಕೊಟ್ಟ ಒಂದು ಬಟ್ಟಲು ಹಾಲು ಎಲ್ಲೋ ಒಂದು ಕಿಲೋ ತೂಕದ ಮಗುವಿನ ಆ ದಿನದ ಊಟ.

ಇವತ್ತು ಐಸಿಯು ಹೊರಗೆ ಕಾಯುತ್ತಿರುವ ತಾಯಿತಂದೆಯರಿಗೆ ನನ್ನ ಕೊನೆಯ ಮಾತು. ನಿಮಗೆ ಪ್ರಾರ್ಥನೆ ಬರದಿದ್ದರೆ ಬಿಡಿ. ನಿಮ್ಮ ಪರವಾಗಿ ನಾವು ಪ್ರಾರ್ಥಿಸುತ್ತೇವೆ. ಸಿಟ್ಟಿದ್ದರೆ ದೇವರ ಮುಂದೆಯೇ ಹೇಳಿ. ಸಮಾಧಾನವೇ ಬೇಡವೆಂದ ರಾಖೇಲಳ ಮಾತನ್ನು ಕೇಳಿ ದೇವರು ಮುನಿಯಲಿಲ್ಲ. ಪವಿತ್ರ ಗ್ರಂಥದಲ್ಲೇ ಅದಕ್ಕೆ ಎರಡು ಕಡೆ ಜಾಗ ಕೊಟ್ಟ. ಗಾಜಿನ ಕಿಂಡಿಯಿಂದ ಒಂದು ಬೆರಳು ತೂರಿಸಿ ಮಗುವಿನ ಅಂಗೈಗೆ ತಾಗಿಸಿದಾಗಲೂ ನೀವು ಪೂರ್ತಿ ತಾಯಿಯೇ, ಪೂರ್ತಿ ತಂದೆಯೇ. ನಿಮ್ಮ ಮಗು ನಿಮ್ಮ ದನಿಯನ್ನು ಬಲ್ಲದು. ಮಾತಾಡಿಸಿ, ಹಾಡಿ, ಹೆಸರು ಹಿಡಿದು ಕರೆಯಿರಿ.

ಬಲಿಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಮಹಿಳಾ ಸಂಘದವರು ಒಂದು ಪುಸ್ತಕ ಹಿಡಿದು ಕೂತಿರುತ್ತಾರೆ. ಊಟ ಕೊಡುವವರು, ಗಾಡಿ ಕೊಡುವವರು, ರಾತ್ರಿ ಆಸ್ಪತ್ರೆಯಲ್ಲಿ ಜೊತೆಗಿರುವವರು, ರಕ್ತ ಕೊಡುವವರು ತಮ್ಮ ಹೆಸರು, ಫೋನ್ ನಂಬರು ಬರೆಸಿ ಹೋಗಿ. ಈಗ ಆಸ್ಪತ್ರೆಯಲ್ಲಿರುವ ಮಕ್ಕಳ ಹೆಸರನ್ನೂ ಬರೆಸಿ. ಮಗು ಮನೆಗೆ ಬರುವ ದಿನದವರೆಗೂ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಆ ಹೆಸರು ತಪ್ಪುವುದಿಲ್ಲ. ಬಾರದೇ ಹೋದರೂ ತಪ್ಪುವುದಿಲ್ಲ.

ಈಜಿಪ್ಟಿನ ದಾರಿಯಲ್ಲಿ ತಾಯಿಯನ್ನೂ ಮಗುವನ್ನೂ ಕಾಪಾಡಿದ ದೇವರು ನಮ್ಮ ಹಸುಗೂಸುಗಳನ್ನು, ಹೆತ್ತವರನ್ನು, ಅವರಿಗಾಗಿ ದುಡಿಯುವ ಎಲ್ಲ ಕೈಗಳನ್ನು ಆಶೀರ್ವದಿಸಲಿ. ಆಮೆನ್.